ಗೆರೆ ದಾಟಿದರೆ ದಾಟಲಿ: ಮಕ್ಕಳ ಜೊತೆ ಬಣ್ಣ ಹಚ್ಚಲು ಒಂದು ಸಮಗ್ರ ಮಾರ್ಗದರ್ಶಿ

ಎಲ್‌ಕೆಜಿ ಮಗುವಿನ ಬ್ಯಾಗ್ ತೆರೆದರೆ ಒಂದು ಹಾಳೆ ಸಿಕ್ಕೇ ಸಿಗುತ್ತದೆ. ಅದರಲ್ಲಿ ಜೆರಾಕ್ಸ್ ಮಾಡಿದ ಒಂದು ಸೇಬು. ಸೇಬಿಗೆ ಕೆಂಪು, ಎಲೆಗೆ ಹಸಿರು, ಗೆರೆ ದಾಟಬಾರದು. ನನ್ನ ಅಕ್ಕನ ಮಗಳು ಮೂರೂವರೆ ವರ್ಷದವಳಿದ್ದಾಗ ಇಂಥದೊಂದು ಹಾಳೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಸೇಬಿಗೆ ನೇರಳೆ ಬಣ್ಣ ಹಚ್ಚಿದ್ದಳು. ಬಣ್ಣ ಸೇಬಿನಿಂದ ಹೊರಬಿದ್ದು ಹಾಳೆಯ ಅಂಚಿನವರೆಗೂ ಹೋಗಿತ್ತು. ಮೂಲೆಯಲ್ಲಿ ಕೆಂಪು ಇಂಕಿನಲ್ಲಿ 'ನೀಟಾಗಿ ಹಚ್ಚಿ' ಅಂತ ಬರೆದಿತ್ತು.

"ಚಿಕ್ಕಮ್ಮಾ, ಇದು ಸೇಬಲ್ಲ, ನೇರಳೆಹಣ್ಣು. ಮಳೆ ಬರ್ತಿದೆ, ಅದಕ್ಕೇ ಬಣ್ಣ ಎಲ್ಲಾ ಕಡೆ ಹೋಗಿದೆ" ಅಂದಳು.

ಅವಳು ಆಡಿದ ಆ ಮಾತೇ ಅವತ್ತಿನ ಪಾಠ, ಹಾಳೆ ಬರೀ ನೆಪ ಅಂತ ನನಗೆ ಅನ್ನಿಸಿತು. ಅವತ್ತಿನಿಂದ ನಮ್ಮ ಮನೆ ಮತ್ತು ಅಕ್ಕಪಕ್ಕದ ಮನೆ ಮಕ್ಕಳನ್ನು ಶನಿವಾರ ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು ಬಣ್ಣ ಹಚ್ಚಿಸುತ್ತಿದ್ದೇನೆ. ಹೀಗೆ ಕಲಿತದ್ದು, ಓದಿ ತಿಳಿದದ್ದು, ತಪ್ಪು ಮಾಡಿ ತಿದ್ದಿಕೊಂಡದ್ದು ಎಲ್ಲ ಇಲ್ಲಿದೆ. ಒಂದರಿಂದ ಏಳು ವರ್ಷದ ಮಗು ಇರುವ ಯಾವ ಮನೆಯಲ್ಲಾದರೂ ಮಾಡಬಹುದು. ದೊಡ್ಡ ಖರ್ಚೇನೂ ಇಲ್ಲ.

ಮೊದಲು ಕೈ ನೋಡಿ

ಬಣ್ಣದ ಡಬ್ಬಿ ತರುವ ಮುಂಚೆ ಎರಡು ದಿನ ಮಗುವಿನ ಕೈಯನ್ನು ಸುಮ್ನೆ ಗಮನಿಸಿ. ಒಂದು ದಪ್ಪ ಕ್ರೇಯಾನ್ ಕೊಟ್ಟು ನೋಡಿದರೆ ಸಾಕು.

ಒಂದು, ಒಂದೂವರೆ ವರ್ಷದ ಮಗು ಅದನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಸೌಟು ಹಿಡಿದ ಹಾಗೆ. ಇಡೀ ತೋಳು ಭುಜದಿಂದ ಆಡುತ್ತದೆ. ಎರಡು ದಾಟಿದ ಮೇಲೆ ಬೆರಳುಗಳು ಕೆಳಮುಖವಾಗುತ್ತವೆ, ಚಲನೆ ಮೊಣಕೈಗೆ ಇಳಿಯುತ್ತದೆ. ಮೂರೂವರೆಯ ಹೊತ್ತಿಗೆ ಹಿಡಿತ ಬೆರಳ ತುದಿಗೆ ಬರುತ್ತದೆ, ಮಣಿಕಟ್ಟು ಆಡಲು ಶುರುವಾಗುತ್ತದೆ. ನಾವು ಪೆನ್ ಹಿಡಿಯುವ ಮೂರು ಬೆರಳ ಹಿಡಿತ ಸಾಮಾನ್ಯವಾಗಿ ಗಟ್ಟಿಯಾಗುವುದು ನಾಲ್ಕರಿಂದ ಆರು ವರ್ಷದ ಒಳಗೆ.

ಹೀಗೆ ಕೈಯ ಹಿಡಿತ ಭುಜದಿಂದ ಬೆರಳ ತುದಿಗೆ ಇಳಿಯಲು ನಾಲ್ಕೈದು ವರ್ಷ ಬೇಕು. ಗೆರೆಯೊಳಗೆ ಬಣ್ಣ ತುಂಬುವುದು ಬೆರಳ ತುದಿಯ ಕೆಲಸ. ಇನ್ನೂ ಭುಜದಿಂದ ಬಣ್ಣ ಹಚ್ಚುವ ಮಗುವಿಗೆ 'ಗೆರೆ ದಾಟಬೇಡ' ಅನ್ನುವುದು, ಬಸ್ಸನ್ನು ಓಣಿಯೊಳಗೆ ತಿರುಗಿಸು ಅಂದ ಹಾಗೆ. ಡ್ರೈವರ್ ತಪ್ಪೇನಿದೆ?

ಇನ್ನೊಂದು ಅಂದಾಜು ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. ನೀವು ಬರೆದು ತೋರಿಸಿದ ನೆಟ್ಟನೆ ಗೆರೆಯನ್ನು ಮಗು ಎರಡರ ಸುಮಾರಿಗೆ ನೋಡಿ ಬರೆಯುತ್ತದೆ. ಮೂರಕ್ಕೆ ವೃತ್ತ ಬರುತ್ತದೆ. ನಾಲ್ಕಕ್ಕೆ ಕೂಡಿಸುವ ಚಿಹ್ನೆ, ನಾಲ್ಕೂವರೆಗೆ ಚೌಕ, ಐದಕ್ಕೆ ತ್ರಿಕೋನ. ಆರು ತಿಂಗಳು ಹಿಂದೆ ಮುಂದೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಅಕ್ಷರ ಬರೆಸುವ ಆತುರ ಇರುವವರು ಈ ಸಾಲನ್ನು ಇನ್ನೊಮ್ಮೆ ಓದಿ. ನಮ್ಮ ಕನ್ನಡದ ಅಕ್ಷರಗಳಲ್ಲಿ ಬಹುಪಾಲು ದುಂಡಗಿನ ತಿರುವುಗಳೇ. ಸುತ್ತು ಸುತ್ತಿ ಕೈ ಪಳಗದ ಮಗು 'ರ' ಬರೆಯುವುದಾದರೂ ಹೇಗೆ?

ಗೀಚುವುದನ್ನು ಹಗುರವಾಗಿ ನೋಡಬೇಡಿ. ಅಮೆರಿಕದ ರೋಡಾ ಕೆಲಾಗ್ ಎಂಬಾಕೆ ಲಕ್ಷಗಟ್ಟಲೆ ಮಕ್ಕಳ ಚಿತ್ರಗಳನ್ನು ಕೂಡಿಹಾಕಿ, ಗೀಚುಗಳಲ್ಲೇ 20 ಮೂಲ ಬಗೆಗಳನ್ನು ಗುರುತಿಸಿದ್ದರು. ಚುಕ್ಕಿ, ಅಡ್ಡಗೆರೆ, ಸುರುಳಿ, ಅಂಕುಡೊಂಕು ಹೀಗೆ. ಮುಂದೆ ಬರುವ ಸೂರ್ಯ, ಮನೆ, ಅಮ್ಮ, ಅಕ್ಷರ ಎಲ್ಲವೂ ಈ ಗೀಚಿನಿಂದಲೇ ಹುಟ್ಟುವುದು.

ಕೈಯ ಬಲ ಬಣ್ಣದಿಂದಲೇ ಬರಬೇಕು ಅಂತೇನೂ ಇಲ್ಲ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಮಗುವಿನ ಮುಂದೆ ಇಟ್ಟು ಹಿತುಕಲು ಹೇಳಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ ಅಂತ ಹಾರುತ್ತದೆ. ಅರ್ಧ ಬೇಳೆ ನೆಲಕ್ಕೆ ಬೀಳುತ್ತದೆ, ನಿಜ. ಆದರೆ ಇಷ್ಟು ಒಳ್ಳೆಯ ಬೆರಳಿನ ವ್ಯಾಯಾಮ ಯಾವ ದುಬಾರಿ ಆಟಿಕೆಯಲ್ಲೂ ಇಲ್ಲ. ಮೂರು ದಾಟಿದ, ಕಾಳು ಬಾಯಿಗೆ, ಮೂಗಿಗೆ ಹಾಕಿಕೊಳ್ಳದ ಮಗುವಿಗೆ ಮಾತ್ರ ಇದು, ಅದೂ ನೀವು ಜೊತೆಗಿದ್ದಾಗ.

ಏನು ಕೊಳ್ಳಬೇಕು, ಏನು ಬೇಡ

ಅಂಗಡಿಯಲ್ಲಿ 48 ಬಣ್ಣದ ಡಬ್ಬಿ ಕಣ್ಣು ಸೆಳೆಯುತ್ತದೆ. ಬೇಡ. 1903ರಲ್ಲಿ ಅಮೆರಿಕದಲ್ಲಿ ಕ್ರೇಯೋಲಾ ಹೆಸರಿನ ಕ್ರೇಯಾನಿನ ಮೊದಲ ಡಬ್ಬಿ ಬಂದಾಗ ಅದರಲ್ಲಿ ಇದ್ದದ್ದು ಎಂಟೇ ಬಣ್ಣ: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಕಂದು, ಕಪ್ಪು. ಇವತ್ತಿಗೂ ಆರು ವರ್ಷದವರೆಗೆ ಇಷ್ಟು ಸಾಕು. ಎರಡು ವರ್ಷದ ಮಗುವಿಗಂತೂ ಒಂದು ಸಲಕ್ಕೆ ಎರಡೇ ಬಣ್ಣ ಕೊಡಿ. ಜಾಸ್ತಿ ಕೊಟ್ಟರೆ ಹಚ್ಚುವುದನ್ನು ಬಿಟ್ಟು ಡಬ್ಬಿಗೆ ತುಂಬುವ, ಸುರಿಯುವ ಆಟಕ್ಕೆ ಹೋಗುತ್ತದೆ.

ಮೂರು ವರ್ಷದೊಳಗಿನವರಿಗೆ ದಪ್ಪ ಮೇಣದ ಕ್ರೇಯಾನ್. ಮೂರು ದಾಟಿ ಬಾಯಿಗೆ ಹಾಕುವ ಅಭ್ಯಾಸ ಪೂರ್ತಿ ಹೋಗಿದ್ದರೆ, ಮಾಮೂಲಿ ಕ್ರೇಯಾನನ್ನೇ ಒಂದು ಇಂಚಿನ ತುಂಡು ಮಾಡಿ ಕೊಡಿ. ತುಂಡು ಸಣ್ಣದಾದಾಗ ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ತಾನಾಗೇ ಮೂರು ಬೆರಳಿನ ಹಿಡಿತಕ್ಕೆ ಬರುತ್ತದೆ. 'ಪೆನ್ಸಿಲ್ ಸರಿಯಾಗಿ ಹಿಡ್ಕೋ' ಅಂತ ನೂರು ಸಲ ಹೇಳುವುದಕ್ಕಿಂತ ಈ ತುಂಡು ವಾಸಿ. ಹೊಸ ಕ್ರೇಯಾನ್ ಮುರಿಯಲು ನನಗೂ ಹೊಟ್ಟೆ ಉರಿದಿತ್ತು. ಈಗ ಡಬ್ಬಿ ತಂದ ದಿನವೇ ಮುರಿಯುತ್ತೇನೆ.

ಸ್ಕೆಚ್ ಪೆನ್ ಮಕ್ಕಳಿಗೆ ಪ್ರಾಣ. ಮುಟ್ಟಿದರೆ ಬಣ್ಣ ಸುರಿಯುತ್ತದೆ, ಅದೇ ಅದರ ತೊಂದರೆ. ಮೇಣದ ಕ್ರೇಯಾನ್ ಒತ್ತಿ ಹಚ್ಚಬೇಕು, ಒತ್ತಿದಾಗಲೇ ಬೆರಳಿಗೆ ಕೆಲಸ. ಹಾಗಾಗಿ ನಾನು ಸ್ಕೆಚ್ ಪೆನ್ನನ್ನು ಹಬ್ಬದ ಊಟದಂತೆ ಅಪರೂಪಕ್ಕೆ ಕೊಡುತ್ತೇನೆ. ಬಣ್ಣದ ಪೆನ್ಸಿಲ್ ಐದು ವರ್ಷದ ಮೇಲೆ. ಆಯಿಲ್ ಪೇಸ್ಟಲ್ ಕೈಗೆಲ್ಲ ಮೆತ್ತುತ್ತದೆ, ಆದರೆ ಎರಡು ಬಣ್ಣ ಬೆರಳಿನಿಂದ ಬೆರೆಸುವ ಖುಷಿ ಅದರಲ್ಲೇ ಇರುವುದು.

ಡಬ್ಬಿಯ ಮೇಲೆ ನಾನ್‌ಟಾಕ್ಸಿಕ್ (ವಿಷವಿಲ್ಲದ್ದು) ಅಂತ ಇದೆಯಾ, ಯಾವ ವಯಸ್ಸಿಗೆ ಅಂತ ಬರೆದಿದ್ದಾರಾ ನೋಡಿ. ಹೆಸರಿಲ್ಲದ ಲೂಸ್ ಬಣ್ಣ ಬೇಡ. ರಂಗೋಲಿ ಅಂಗಡಿಯ ಗಾಢ ಬಣ್ಣದ ಪುಡಿ, ಹೋಳಿ ಬಣ್ಣ, ಗೋಡೆಗೆ ಬಳಿದು ಉಳಿದ ಪೇಂಟ್ ಇವನ್ನು ಚಿಕ್ಕ ಮಕ್ಕಳ ಕೈಗೆ ಕೊಡಲೇಬೇಡಿ. ನಮ್ಮ ದೇಶದಲ್ಲಿ ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಟ್ಟದ ಮೇಲಿನ ಹಳೇ ಡಬ್ಬಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಸೀಸ ಬೆಳೆಯುವ ಮಿದುಳಿಗೆ ವಿಷ.

ಹಾಳೆಗೆ ಖರ್ಚು ಮಾಡಬೇಡಿ. ಹಳೇ ಕ್ಯಾಲೆಂಡರಿನ ಹಿಂಬದಿ, ಆಫೀಸಿನ ಒಂದು ಪಕ್ಕ ಪ್ರಿಂಟ್ ಆದ ಕಾಗದ, ರಟ್ಟಿನ ಪೆಟ್ಟಿಗೆ ಬಿಚ್ಚಿದ್ದು, ಲಗ್ನಪತ್ರಿಕೆಯ ಖಾಲಿ ಬದಿ. ನುಣುಪಾದ ಹೊಳೆಯುವ ಕಾಗದದಲ್ಲಿ ಮಾತ್ರ ಕ್ರೇಯಾನ್ ಜಾರುತ್ತದೆ. ಚಿಕ್ಕ ಮಗುವಿಗೆ ದೊಡ್ಡ ಹಾಳೆ, ದೊಡ್ಡ ಮಗುವಿಗೆ ಚಿಕ್ಕ ಹಾಳೆ. ಇದು ಉಲ್ಟಾ ಅನ್ನಿಸಬಹುದು, ಆದರೆ ಭುಜದಿಂದ ಹಚ್ಚುವವರಿಗೇ ಅಲ್ವಾ ಜಾಗ ಜಾಸ್ತಿ ಬೇಕಾದದ್ದು.

ಮೊಬೈಲಿನ ಕಲರಿಂಗ್ ಆಪ್ ಇದಕ್ಕೆ ಬದಲಿಯಲ್ಲ. ಅಲ್ಲಿ ಬೆರಳು ತಾಗಿಸಿದರೆ ಇಡೀ ಆನೆ ತಾನೇ ನೀಲಿಯಾಗುತ್ತದೆ. ಕೈ ಕಲಿತದ್ದೇನು?

ಕೂರುವ ಜಾಗ

ನೆಲವೇ ಒಳ್ಳೆಯದು. ಹೊಟ್ಟೆ ಅಡಿಯಾಗಿ ಮಲಗಿ ಹಚ್ಚಿದರೆ ಭುಜ, ಕುತ್ತಿಗೆ ಗಟ್ಟಿಯಾಗುತ್ತವೆ. ಮೇಜು, ಕುರ್ಚಿ ಆದರೆ ಪಾದ ನೆಲಕ್ಕೆ ತಾಗಬೇಕು. ಕಾಲು ತೂಗಾಡುತ್ತಿದ್ದರೆ ಕೈ ನಿಲ್ಲುವುದಿಲ್ಲ. ತಾಗದಿದ್ದರೆ ಕಾಲ ಕೆಳಗೆ ಮಣೆ ಇಡಿ.

ವಾರದಲ್ಲಿ ಒಂದೆರಡು ದಿನ ಹಾಳೆಯನ್ನು ಗೋಡೆಗೆ ಅಥವಾ ಬೀರುವಿನ ಬಾಗಿಲಿಗೆ, ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ. ನಿಂತು ಹಚ್ಚುವಾಗ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಮುಂದೆ ಬರೆಯಲು ಬೇಕಾದ ಭಂಗಿ ಅದೇ. ಹಾಳೆಯ ಅಡಿಯಲ್ಲಿ ಹಳೇ ಪೇಪರ್ ಅಂಟಿಸುವುದನ್ನು ಮರೆಯಬೇಡಿ. ನಾನು ಮರೆತಿದ್ದೆ. ನಮ್ಮ ಹಾಲಿನ ಗೋಡೆಯಲ್ಲಿ ಇವತ್ತಿಗೂ ಒಂದು ಅರ್ಧ ರೈಲು ಇದೆ.

ಹೊತ್ತು ಸಂಜೆಯೋ ಬೆಳಗ್ಗೆಯೋ ಮಗುವಿನ ಹೊಟ್ಟೆ ತುಂಬಿರುವಾಗ ಇರಲಿ. ಎರಡು ವರ್ಷದವರಿಗೆ ಐದು ನಿಮಿಷ, ನಾಲ್ಕು ವರ್ಷದವರಿಗೆ ಹತ್ತು ಹದಿನೈದು. ಎದ್ದು ಓಡಿದರೆ ಓಡಲಿ.

ಮೊದಲ ದಿನ ಹೀಗೆ ಶುರು ಮಾಡಿ

1. ಹಾಳೆಯ ನಾಲ್ಕೂ ಮೂಲೆಗೆ ಟೇಪ್ ಹಾಕಿ. ಹಾಳೆ ಜಾರುತ್ತಿದ್ದರೆ ಮಗು ಅರ್ಧ ಶಕ್ತಿಯನ್ನು ಅದನ್ನು ಹಿಡಿಯುವುದಕ್ಕೇ ಹಾಕುತ್ತದೆ.

2. ಎರಡು ಬಣ್ಣ ಎದುರಿಗೆ ಇಟ್ಟು "ಯಾವುದು ಬೇಕು ಪುಟ್ಟಾ?" ಅಂತ ಕೇಳಿ. ಕೈಗೆ ತುರುಕಬೇಡಿ. ಯಾವ ಕೈ ಮುಂದೆ ಬರುತ್ತದೆ ನೋಡಿಕೊಳ್ಳಿ, ಏನೂ ಹೇಳಬೇಡಿ.

3. ನೀವೂ ಒಂದು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕೂತು ಗೀಚಿ. ಇದು ತುಂಬ ಮುಖ್ಯ. ಮಗುವಿನ ಹಾಳೆಯ ಮೇಲೆ ನೀವು ಬರೆಯಬೇಡಿ. ನೀವು ಚೆಂದದ ನವಿಲು ಬಿಡಿಸಿದರೆ ಮಗು ಕ್ರೇಯಾನ್ ಕೆಳಗಿಟ್ಟು "ನೀನೇ ಮಾಡು" ಅನ್ನುತ್ತದೆ. ನೀವೂ ಸುರುಳಿ, ಚುಕ್ಕಿಗಳನ್ನೇ ಹಾಕಿ.

4. ಕೈಗೊಂದು ಶಬ್ದ ಜೋಡಿಸಿ. ಚುಕ್ಕಿ ಇಡುವಾಗ 'ಟಪ್ ಟಪ್ ಮಳೆ', ಉದ್ದ ಗೆರೆಗೆ 'ರೈಲು ಹೊರಟಿತು', ಸುತ್ತು ಸುತ್ತುವಾಗ 'ಬೀಸುವ ಕಲ್ಲು ಗರಗರ'. ಮಾತಿಗೆ ತಕ್ಕ ಹಾಗೆ ಕೈ ತಾನೇ ತಿರುಗುತ್ತದೆ.

5. ಮಗು ನಿಲ್ಲಿಸಿದಾಗ ನೀವೂ ನಿಲ್ಲಿಸಿ. 'ಇಲ್ಲೊಂಚೂರು ಬಿಳಿ ಉಳಿದಿದೆ' ಅನ್ನಬೇಡಿ.

6. ಕ್ರೇಯಾನ್ ಡಬ್ಬಿಗೆ ತುಂಬುವುದು ಮಗುವಿನ ಕೆಲಸ. ಹಳೇ ಮಸಾಲೆ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದ್ದು, ಒಂದೊಂದು ಬಟ್ಟಲಿಗೆ ಒಂದೊಂದು ಬಣ್ಣ. ಬೇರೆ ಬೇರೆ ಮಾಡಿ ಇಡುವುದೂ ಒಂದು ಗಣಿತವೇ.

ವಯಸ್ಸಿಗೆ ತಕ್ಕ ಆಟಗಳು

ಎರಡರವರೆಗೆ ಗೀಚುವುದಷ್ಟೇ. ಬಚ್ಚಲಲ್ಲಿ ನೀರು, ದಪ್ಪ ಬ್ರಷ್ ಕೊಟ್ಟರೆ ಗೋಡೆಗೆಲ್ಲ ನೀರು ಬಳಿದು ಸುಖವಾಗಿರುತ್ತದೆ. ಅದೂ ಬಣ್ಣ ಹಚ್ಚುವುದೇ.

ಎರಡರಿಂದ ಮೂರೂವರೆಗೆ ಉಜ್ಜಿ ಅಚ್ಚು ತೆಗೆಯುವುದನ್ನು ಕಲಿಸಿ. ಹಲಸಿನ ಎಲೆಯೋ ಸೀಬೆ ಎಲೆಯೋ ನರ ಮೇಲೆ ಬರುವಂತೆ ಬೋರಲು ಹಾಕಿ, ಮೇಲೆ ತೆಳು ಹಾಳೆ ಇಟ್ಟು, ಸಿಪ್ಪೆ ಸುಲಿದ ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿಸಿ. ಎಲೆಯ ನರ ಒಂದೊಂದೇ ಮೂಡಿ ಬರುವಾಗ ಮಗುವಿನ ಮುಖ ನೋಡಬೇಕು. ಸೀಬೆ ಎಲೆಯ ನರ ಎದ್ದು ಕಾಣುವಂಥದ್ದು, ಅಚ್ಚು ಚೆನ್ನಾಗಿ ಬರುತ್ತದೆ. ನಾಣ್ಯ, ಚಾಪೆ, ಬಾಚಣಿಗೆ, ಚಕ್ಕುಲಿ ಒರಳಿನ ಬಿಲ್ಲೆ ಏನು ಬೇಕಾದರೂ ಆಗುತ್ತದೆ.

ಮೂರೂವರೆಯಿಂದ ಐದರವರೆಗೆ ಒಳಗೆ, ಹೊರಗೆ ಎಂಬುದು ಅರ್ಥವಾಗುವ ಕಾಲ. ಆಗ ಗೆರೆ ಕೊಡಬಹುದು, ಆದರೆ ದಪ್ಪ ಗೆರೆ. ನಾನು ಒಂದು ಉಪಾಯ ಮಾಡುತ್ತೇನೆ: ದೊಡ್ಡ ವೃತ್ತ ಬರೆದು ಅದರ ಗೆರೆಯ ಮೇಲೆ ಫೆವಿಕಾಲ್ ಸುರಿದು ಒಂದು ರಾತ್ರಿ ಒಣಗಲು ಬಿಡುತ್ತೇನೆ. ಬೆಳಗ್ಗೆಗೆ ಸಣ್ಣ ದಿಣ್ಣೆಯಾಗಿರುತ್ತದೆ. ಕ್ರೇಯಾನ್ ಅಲ್ಲಿಗೆ ಬಂದು ತಡೆಯುತ್ತದೆ. 'ದಾಟಬೇಡ' ಅಂತ ನಾವು ಹೇಳಬೇಕಾಗಿಲ್ಲ, ದಿಣ್ಣೆಯೇ ಹೇಳುತ್ತದೆ. ಇದೇ ವಯಸ್ಸಿಗೆ ಬಿಳಿ ಕ್ರೇಯಾನಿನಲ್ಲಿ ಗುಟ್ಟಾಗಿ ಏನಾದರೂ ಬರೆದು, ಮೇಲೆ ತೆಳುವಾದ ನೀರು ಬಣ್ಣ ಬಳಿಸಿ. ಮೇಣ ನೀರನ್ನು ಹತ್ತಿರ ಬಿಡುವುದಿಲ್ಲ, ಗುಟ್ಟು ಬಿಳಿಯಾಗಿ ಹೊರಬೀಳುತ್ತದೆ. ನಮ್ಮ ಜಗಲಿಯ ಮಕ್ಕಳು ಇದನ್ನು 'ಮಾಯಾ ಹಾಳೆ' ಅನ್ನುತ್ತಾರೆ.

ಐದರ ಮೇಲೆ ಅಕ್ಷರ ಮತ್ತು ಲೆಕ್ಕ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಟವಾಡುತ್ತಾ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಅದರಲ್ಲಿ ಅಕ್ಷರ ಕಲಿಸುವುದು ಅ, ಆ, ಇ, ಈ ಸಾಲಿನಲ್ಲಿ ಅಲ್ಲ. ರ, ಗ, ಸ, ದ, ಅ ಸಾಲಿನಲ್ಲಿ. ಬರೆಯಲು ಸುಲಭವಾದದ್ದು ಮೊದಲು. ಆ ಸಾಲನ್ನೇ ನೀವೂ ಹಿಡಿಯಿರಿ. ಹಾಳೆ ತುಂಬುವಷ್ಟು ದೊಡ್ಡ 'ರ' ಬರೆದು, ಎಲ್ಲಿ ಶುರು ಅಂತ ಒಂದು ಹಸಿರು ಚುಕ್ಕಿ, ಎಲ್ಲಿ ಮುಗಿಯಿತು ಅಂತ ಒಂದು ಕೆಂಪು ಚುಕ್ಕಿ ಇಡಿ. ಮಗು ಅದೇ ದಾರಿಯಲ್ಲಿ ಐದು ಬಣ್ಣದಲ್ಲಿ ಐದು ಸಲ ಹೋಗಲಿ. ಒಂದರ ಮೇಲೆ ಒಂದು ಬಿದ್ದು ಕಾಮನಬಿಲ್ಲಿನ 'ರ' ಆಗುತ್ತದೆ. ಐದು ಸಲ ತಿದ್ದಿದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ.

ಲೆಕ್ಕಕ್ಕೆ ಚುಕ್ಕಿ ರಂಗೋಲಿಗಿಂತ ಬೇರೆ ಬೇಕಾ? ನಡುವಿನ ಸಾಲಿಗೆ 5 ಚುಕ್ಕಿ, ಮೇಲೆ ಕೆಳಗೆ 3, ಆಮೇಲೆ 1. ಎಲ್ಲ ಸೇರಿದರೆ 13. ಏಳರ ಸಾಲಿನಿಂದ ಶುರು ಮಾಡಿದರೆ 25. ಮಗು ಚುಕ್ಕಿ ಇಡುತ್ತಾ ಎಣಿಸಲಿ, ಸೇರಿಸಲಿ, ಬಣ್ಣ ತುಂಬಲಿ. ಎಡಗಡೆ ಎಸಳಿಗೆ ಹಳದಿ ಹಚ್ಚಿದರೆ ಬಲಗಡೆಗೆ ಯಾವುದು ಅಂತ ಕೇಳಿ. ಬಾಗಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ಮಾಡಿಸಿದರೆ ಚಿಟಿಕೆ ಹಿಡಿಯುವುದೂ ರೂಢಿಯಾಗುತ್ತದೆ. ಆ ಚಿಟಿಕೆ ಹಿಡಿತವೇ ನಾಳೆ ಪೆನ್ಸಿಲ್ ಹಿಡಿತ. ಹುಡುಗರಿಗೂ ಮಾಡಿಸಿ. "ಗಂಡುಮಗೂಗೆ ರಂಗೋಲಿ ಯಾಕೆ" ಅಂತ ನಮ್ಮ ಅತ್ತೆಯವರು ಕೇಳಿದ್ದರು. ಈಗ ಮೊಮ್ಮಗ ಹಾಕಿದ ರಂಗೋಲಿಯನ್ನು ಅವರೇ ಪಕ್ಕದ ಮನೆಯವರಿಗೆ ಕರೆದು ತೋರಿಸುತ್ತಾರೆ.

ಅಡುಗೆಮನೆಯ ಬಣ್ಣ

ನನಗೆ ಅತಿ ಇಷ್ಟವಾದ ಭಾಗ ಇದು. ರಜೆಯಲ್ಲಿ ಒಂದು ದಿನ ಅಂಗಡಿ ಬಣ್ಣ ಒಳಗಿಟ್ಟು, ಮಕ್ಕಳನ್ನೇ ಬಣ್ಣ ಹುಡುಕಲು ಕಳಿಸಿ. ಬೀಟ್‌ರೂಟ್ ತುರಿದು ಹಿಂಡಿದರೆ ಗಾಢ ಗುಲಾಬಿ. ಪಾಲಕ್ ಎಲೆ ಹಾಳೆಗೆ ಉಜ್ಜಿದರೆ ಹಸಿರು. ಕಾಫಿ ಡಿಕಾಕ್ಷನ್ ಕಂದು. ಒಲೆಯ ಇದ್ದಿಲು ಕಪ್ಪು. ಕೆಮ್ಮಣ್ಣು ಕಲಸಿದರೆ ಇಟ್ಟಿಗೆ ಬಣ್ಣ. ಕೆಂಪು ದಾಸವಾಳದ ಎಸಳನ್ನು ಹಾಳೆಗೆ ಉಜ್ಜಿ ನೋಡಿ, ಹೂವು ಕೆಂಪು, ಗುರುತು ನೇರಳೆ. ಯಾಕೆ ಹೀಗೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ.

ಅರಿಶಿನದ ಆಟವಂತೂ ಮಕ್ಕಳ ಮೊದಲ ರಸಾಯನಶಾಸ್ತ್ರ. ಅರಿಶಿನ ಕಲಸಿದ ನೀರನ್ನು ಹಾಳೆಗೆಲ್ಲ ಬಳಿದು ಒಣಗಿಸಿ. ಹಳದಿ ಹಾಳೆ ಸಿದ್ಧ. ಈಗ ಬಟ್ಟೆ ಸೋಪಿನ ನೀರಿನಲ್ಲಿ ಬ್ರಷ್ ಅದ್ದಿ ಅದರ ಮೇಲೆ ಬರೆಸಿ. ಬರೆದಲ್ಲೆಲ್ಲ ಕೆಂಪು! ಅದರ ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ. ಅನ್ನ ಸಾರಿನ ಕಲೆ ಸೋಪು ಹಚ್ಚಿದಾಗ ಕೆಂಪಾಗುವುದನ್ನು ನೀವೂ ಬಟ್ಟೆ ಒಗೆಯುವಾಗ ನೋಡಿರುತ್ತೀರಿ. ಆರತಿ ತಟ್ಟೆಯ ಕೆಂಪು ನೀರೂ ಇದೇ, ಅರಿಶಿನಕ್ಕೆ ಸುಣ್ಣ ಬಿದ್ದದ್ದು. ಸೋಪು, ಸುಣ್ಣ ಎರಡೂ ಕ್ಷಾರ, ನಿಂಬೆ ಹುಳಿ. ಅಷ್ಟು ಹೇಳಿದರೆ ಆರು ವರ್ಷದ ಮಗುವಿಗೆ ಸಾಕು. ಸುಣ್ಣ ಮಾತ್ರ ಮಕ್ಕಳ ಕೈಗೆ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಸೋಪಿನ ನೀರಿನ ಹೊತ್ತಿಗೂ ಕಣ್ಣು ಉಜ್ಜಿಕೊಳ್ಳದಂತೆ ನೋಡಿಕೊಳ್ಳಿ. ಇನ್ನು ಶಂಖಪುಷ್ಪದ ಹೂವನ್ನು ಬಿಸಿನೀರಿನಲ್ಲಿ ನೆನೆಸಿದರೆ ನೀಲಿ, ನಿಂಬೆ ಹಿಂಡಿದರೆ ನೇರಳೆ. ಇದನ್ನು ಒಂದು ಸಲ ತೋರಿಸಿದರೆ 'ಇನ್ನೊಂದ್ಸಲ, ಇನ್ನೊಂದ್ಸಲ' ಅಂತ ಮನೆಯ ನಿಂಬೆಹಣ್ಣೆಲ್ಲ ಖಾಲಿಯಾಗುತ್ತದೆ, ಎಚ್ಚರ.

ಸಾಗರ, ಸಿದ್ದಾಪುರ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಪೂರ್ತಿ ಇಂಥ ಬಣ್ಣಗಳದ್ದೇ. ಕೆಮ್ಮಣ್ಣಿನ ನೆಲ, ಅಕ್ಕಿ ಅರೆದ ಬಿಳಿ, ಅಕ್ಕಿಯನ್ನು ಕರಿಕಾಗುವಂತೆ ಹುರಿದು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಚಿತ್ತಾರದ ಫೋಟೊ ಒಂದನ್ನು ಮಕ್ಕಳಿಗೆ ತೋರಿಸಿ, ರಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆಯಲು ಬಿಡಿ. ನಾಲ್ಕೇ ಬಣ್ಣದಲ್ಲಿ ಎಷ್ಟೆಲ್ಲ ಮಾಡಬಹುದು ಅನ್ನುವುದು 48 ಬಣ್ಣದ ಡಬ್ಬಿ ಕೇಳುವ ಮಗುವಿಗೆ ಅಲ್ಲಿ ಕಾಣುತ್ತದೆ.

ಮಾತು

ಬಣ್ಣದ ಹೆಸರು ಕಲಿಸುವಾಗ 'ಇದು ಯಾವ ಬಣ್ಣ, ಹೇಳು ಹೇಳು' ಅಂತ ಪರೀಕ್ಷೆ ಮಾಡಬೇಡಿ. 'ಕೆಂಪು ಚೆಂಡು' ಅನ್ನುವ ಜೊತೆಗೆ 'ಈ ಚೆಂಡು ಕೆಂಪು, ಆ ಚೆಂಡು ನೀಲಿ' ಅಂತಲೂ ಹೇಳಿ. ವಸ್ತು ಒಂದೇ, ಬಣ್ಣ ಬೇರೆ ಅನ್ನುವುದು ಆಗ ಕಾಣುತ್ತದೆ. ಮೂರು ವರ್ಷಕ್ಕೂ ಹಸಿರು, ನೀಲಿ ಅದಲು ಬದಲಾಗುವುದು ಮಾಮೂಲು.

ಹೆಸರು ಗೊತ್ತಾದ ಮೇಲೆ ಮಾತಿನ ಭಂಡಾರ ತೆರೆಯಿರಿ. ಸೀರೆ ಅಂಗಡಿಯಲ್ಲಿ ಕೂತವರಿಗೆ ಕನ್ನಡದ ಬಣ್ಣ ಎಷ್ಟಿವೆ ಅಂತ ಗೊತ್ತು. ಗಿಳಿ ಹಸಿರು, ಎಲೆ ಹಸಿರು, ಪಾಚಿ ಹಸಿರು. ಇಟ್ಟಿಗೆ ಬಣ್ಣ, ನಶ್ಯದ ಬಣ್ಣ, ಕಾಫಿಪುಡಿ ಬಣ್ಣ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಸೀರೆಯಿಂದ ಹೆಸರು ಬಂದ ಎಂ.ಎಸ್. ನೀಲಿಯೂ ಇದೆ. ಅಜ್ಜಿಯ ಬೀರು ತೆಗೆಸಿ, ಒಂದೊಂದು ಸೀರೆಯ ಬಣ್ಣ ಕ್ರೇಯಾನಿನಲ್ಲಿ ಬೆರೆಸಿ ತರಿಸುವ ಆಟ ಆಡಿ. 'ಮಾವಿನ ಚಿಗುರಿನ ಬಣ್ಣ ಮಾಡು' ಅಂದಾಗ ಐದು ವರ್ಷದ ಹುಡುಗ ಕಂದಿನ ಮೇಲೆ ಕೆಂಪು, ಅದರ ಮೇಲೆ ಚೂರು ಹಸಿರು ಹಾಕಿದ್ದನ್ನು ನಾನು ನೋಡಿದ್ದೇನೆ. ಬೆಂಗಳೂರಿನ ಫ್ಲಾಟಿನಲ್ಲೋ ಅಮೆರಿಕದಲ್ಲೋ ಬೆಳೆಯುವ ಮಕ್ಕಳಿಗೆ ರೆಡ್, ಬ್ಲೂ ತಾನಾಗೇ ಬರುತ್ತದೆ. ಪಾಚಿ ಹಸಿರು ನೀವು ಕೊಟ್ಟರೆ ಮಾತ್ರ.

'ಏನಿದು?' ಅಂತ ಕೇಳಿದರೆ ಕೆಲವು ಮಕ್ಕಳು ಮುದುಡುತ್ತಾರೆ, ಏನೋ ಆಗಿರಲೇಬೇಕಿತ್ತೇನೋ ಅನ್ನುವ ಹಾಗೆ. 'ಈ ಗೆರೆ ಎಲ್ಲಿಗೆ ಹೊರಟಿದೆ?', 'ಇಲ್ಲಿ ತುಂಬ ಒತ್ತಿ ಹಚ್ಚಿದ್ದೀಯ ಅಲ್ವಾ?' ಅಂತ ಕಂಡದ್ದನ್ನೇ ಹೇಳಿ. ಕಥೆ ತಾನಾಗೇ ಬರುತ್ತದೆ.

ಮತ್ತೆ, ಬಣ್ಣ ಹಚ್ಚಿದ್ದಕ್ಕೆ ಚಾಕ್ಲೇಟ್ ಆಸೆ ತೋರಿಸಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಚಿತ್ರ ಬರೆಯಲು ಮೊದಲೇ ಇಷ್ಟವಿದ್ದ ಮೂರರಿಂದ ಐದು ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 'ಬರೆದರೆ ಬಹುಮಾನ' ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಆಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ನೋಡಿದರೆ, ಬಹುಮಾನದ ಆಸೆಗೆ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಮುಟ್ಟುತ್ತಿದ್ದರು. ಆಟ ಕೂಲಿಯಾಗಿತ್ತು. ಗಣೇಶನ ಹಬ್ಬದ ಪೆಂಡಾಲಿನ ಬಣ್ಣ ಹಚ್ಚುವ ಸ್ಪರ್ಧೆಗೂ ಐದು ವರ್ಷದೊಳಗಿನವರನ್ನು ನಾನು ಕಳಿಸುವುದಿಲ್ಲ. ಅಲ್ಲಿ ಅರ್ಧ ಚಿತ್ರಕ್ಕೆ ಬಣ್ಣ ಹಚ್ಚುವುದು ಹಿಂದೆ ನಿಂತ ಅಪ್ಪಂದಿರೇ.

ತೊಡಕು ಬಂದರೆ

ಎಡಗೈಯಲ್ಲಿ ಹಚ್ಚಿದರೆ ಹಚ್ಚಲಿ. ಯಾವ ಕೈ ಅನ್ನುವುದು ನಾಲ್ಕರಿಂದ ಆರರೊಳಗೆ ಗಟ್ಟಿಯಾಗುತ್ತದೆ. ದೊಡ್ಡವರು ಬೇಡ ಅಂದರೆ, ಊಟ ಪ್ರಸಾದಕ್ಕೆ ನೀವು ಹೇಳಿದ ಹಾಗೆ ಆಗಲಿ, ಬರೆಯೋದು ಮಗುವಿನ ಕೈ ಹೇಳಿದ ಹಾಗೆ ಅಂತ ನಾನು ರಾಜಿ ಮಾಡಿಕೊಂಡಿದ್ದೇನೆ. ಎಡಗೈ ಮಗುವಿನ ಹಾಳೆಯನ್ನು ಎಡಗಡೆಯ ಮೇಲ್ತುದಿ ತುಸು ಎತ್ತರ ಬರುವಂತೆ ಓರೆ ಮಾಡಿ ಇಡಿ, ಕ್ರೇಯಾನ್ ಡಬ್ಬಿ ಎಡಗಡೆಗೆ.

ಕೆಲವು ಮಕ್ಕಳಿಗೆ ಕೈಗೆ ಬಣ್ಣ ಅಂಟಿದರೆ ಆಗುವುದಿಲ್ಲ, ಅಳುತ್ತಾರೆ. ಪಕ್ಕದಲ್ಲಿ ಒದ್ದೆ ಬಟ್ಟೆ ಇಡಿ. ಬಣ್ಣವನ್ನು ಜಿಪ್ ಕವರಿನಲ್ಲಿ ಹಾಕಿ ಬಾಯಿ ಗಟ್ಟಿಯಾಗಿ ಮುಚ್ಚಿ, ಹೊರಗಿನಿಂದ ಒತ್ತಲು ಕೊಡಿ. ಯಾವಾಗಲೂ ಕಪ್ಪೇ ಹಚ್ಚುತ್ತಾನೆ ಅಂತ ಗಾಬರಿಯಾಗುವವರಿದ್ದಾರೆ. ಬಿಳಿ ಹಾಳೆಯ ಮೇಲೆ ಕಪ್ಪು ಚೆನ್ನಾಗಿ ಕಾಣುತ್ತದೆ, ಅಷ್ಟೇ ಇರಬಹುದು. ಮಗು ನಗುತ್ತಾ, ಆಡುತ್ತಾ ಇದ್ದರೆ ಬಣ್ಣ ನೋಡಿ ಮನಸ್ಸಿನ ಜಾತಕ ಬರೆಯಬೇಡಿ.

ಐದು ದಾಟಿದ ಮೇಲೂ ಎಲೆಗೆ ಕಂದು, ಕಾಂಡಕ್ಕೆ ಹಸಿರು ಅಂತ ಪದೇ ಪದೇ ಹಚ್ಚುತ್ತಿದ್ದರೆ, ಕೆಂಪು ಹಸಿರು ಬೆರೆತುಹೋಗುತ್ತಿದ್ದರೆ ಬೈಯಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಕೆಂಪು ಹಸಿರಿನ ವರ್ಣಾಂಧತೆ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವುದರಿಂದ ಹುಡುಗರಲ್ಲೇ ಜಾಸ್ತಿ. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ವಾಸಿಯಾಗುವ ಕಾಯಿಲೆಯಲ್ಲ ಅದು, ಆದರೆ ತಿಳಿದರೆ ಕ್ರೇಯಾನಿನ ಮೇಲೆ ಬಣ್ಣದ ಹೆಸರು ಬರೆದು ಕೊಡಬಹುದು, ಶಾಲೆಗೂ ಹೇಳಬಹುದು.

ಐದು ತುಂಬಿದರೂ ಮುಷ್ಟಿ ಬಿಡದಿದ್ದರೆ, ವೃತ್ತ ಬರೆಯಲು ಆಗದಿದ್ದರೆ, ಮೊದಲು ಬರುತ್ತಿದ್ದದ್ದು ಈಗ ಬಾರದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆ ಮಕ್ಕಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತ ತಪಾಸಣೆ ಇದೆ. ಬೆಳವಣಿಗೆ ತಡವಾದ ಮಕ್ಕಳನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ. ಅಂಗನವಾಡಿ ಟೀಚರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಗೋಡೆಯ ಮೇಲಿನ ಕ್ರೇಯಾನ್‌ಗೆ ಒದ್ದೆ ಬಟ್ಟೆಯಲ್ಲಿ ಅಡುಗೆ ಸೋಡಾ ಹಾಕಿ ಮೆಲ್ಲಗೆ ಉಜ್ಜಿ. ತೊಳೆಯಬಹುದಾದ ಪೇಂಟ್ ಆದರೆ ಹೋಗುತ್ತದೆ. ಡಿಸ್ಟೆಂಪರ್ ಗೋಡೆಯಾದರೆ ಗೋಡೆಯ ಬಣ್ಣವೂ ಜೊತೆಗೇ ಬರುತ್ತದೆ, ಬಿಟ್ಟುಬಿಡುವುದೇ ವಾಸಿ.

ಹಾಳೆಗಳನ್ನು ಏನು ಮಾಡುವುದು

ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ತಿಂಗಳಿಗೆ ಎರಡು ಹಾಳೆ ಮಗುವಿನ ಕೈಯಲ್ಲೇ ಆರಿಸಿ ಫೈಲಿಗೆ ಹಾಕಿ. ಹಿಂಬದಿಯಲ್ಲಿ ತಾರೀಕು, ಮಗುವಿನ ವಯಸ್ಸು, ಅದು ಹೇಳಿದ ಮಾತು, ಇದಿಷ್ಟನ್ನು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಆರು ತಿಂಗಳಿಗೊಮ್ಮೆ ಸಾಲಾಗಿ ನೆಲದ ಮೇಲೆ ಹರಡಿ ನೋಡಿದರೆ ಕೈ ಎಲ್ಲಿಂದ ಎಲ್ಲಿಗೆ ಬಂತು ಅನ್ನುವುದು ಯಾವ ರಿಪೋರ್ಟ್ ಕಾರ್ಡಿಗಿಂತ ಚೆನ್ನಾಗಿ ಕಾಣುತ್ತದೆ.

ಅಕ್ಕನ ಮಗಳು ಈಗ ನಾಲ್ಕನೇ ಕ್ಲಾಸು. ಹೋದ ದಸರಾ ರಜೆಯಲ್ಲಿ ಫೈಲು ಹರಡಿಕೊಂಡು ಕೂತಿದ್ದಳು. ನೇರಳೆ ಬಣ್ಣದ ಆ ಹಾಳೆ ಸಿಕ್ಕಿತು. ತಿರುಗಿಸಿ, ನಾನು ಬರೆದಿಟ್ಟಿದ್ದನ್ನು ಓದಿದಳು. ಮತ್ತೆ ಮಗುಚಿ ನೋಡಿದಳು.

"ಚಿಕ್ಕಮ್ಮಾ, ತಪ್ಪು ಬರೆದಿದ್ದೀಯ. ಇದು ಸೇಬು."